ಒಂದು ವಿತೌಟ್, ಐಸ್ ಹಾಕಿ

ಹಾಸನದಲ್ಲಿ ಅಪ್ಪ ಸಂಜೆ ವಾಕಿಂಗ್ ಮುಗಿಸಿ ಹೋಟೆಲಿಗೆ ಹೋದರೆ ಹೇಳುವುದು ಎರಡೇ ಪದ. "ಒಂದು ವಿತೌಟ್." ಏನು ವಿತೌಟ್ ಅಂತ ಯಾರೂ ಕೇಳುವುದಿಲ್ಲ. ಶುಗರ್ ಇರುವವರ ಕಾಫಿ ಅದು, ಸಕ್ಕರೆ ಹಾಕದ್ದು. 'ಇಲ್ಲದೆ' ಅನ್ನುವ ಅರ್ಥದ ಪದವೊಂದು ಲೋಟದಲ್ಲಿ ಹಬೆಯಾಡುತ್ತಾ ಟೇಬಲ್ಲಿಗೆ ಬಂದು ಕೂರುತ್ತದೆ.

ನಾನಿರುವ ನಾರ್ತ್ ಕ್ಯಾರೊಲಿನಾದ ರಾಲಿಯಲ್ಲೂ ಇಂಥದ್ದೇ ಒಂದು ಪದ ಇದೆ. ಅನ್‌ಸ್ವೀಟ್. ಇಲ್ಲಿನ ಹಳೇ ಕಾಲದ ಹೋಟೆಲಿಗೆ ಹೋಗಿ ಕೂತರೆ ಮೆನು ಕೈಗೆ ಬರುವ ಮೊದಲೇ ಪ್ರಶ್ನೆ ಬರುತ್ತದೆ. "ಸ್ವೀಟ್ ಆರ್ ಅನ್‌ಸ್ವೀಟ್, ಹನಿ?" ಟೀ ಬೇಕಾ ಅಂತ ಅಲ್ಲ. ಟೀ ಹೇಗೂ ಬೇಕು. ಅದು ತಣ್ಣಗಿರುತ್ತದೆ ಅನ್ನುವುದನ್ನೂ ಹೇಳಬೇಕಾಗಿಲ್ಲ. ಅಮೆರಿಕದಲ್ಲಿ ಕುಡಿಯುವ ಟೀಯಲ್ಲಿ ಸುಮಾರು ಮುಕ್ಕಾಲು ಪಾಲು ಐಸ್ ಟೀಯೇ. ಈ ದಕ್ಷಿಣದ ಸೀಮೆಯಲ್ಲಂತೂ ಟೀ ಅಂದರೆ ಸಿಹಿ. ಸಿಹಿ ಇಲ್ಲದ್ದು ಏನೋ ಕಳೆದುಕೊಂಡ ಟೀ, ಅದಕ್ಕೇ ಅನ್‌ಸ್ವೀಟ್. ಪಕ್ಕದ ಜಾರ್ಜಿಯಾದ ಶಾಸನಸಭೆಯಲ್ಲಿ 2003ರಲ್ಲಿ ಒಂದು ಮಸೂದೆಯನ್ನೇ ಮಂಡಿಸಿದ್ದರು. ಐಸ್ ಟೀ ಮಾರುವ ಹೋಟೆಲಿನಲ್ಲಿ ಸ್ವೀಟ್ ಟೀ ಇರಲೇಬೇಕು, ಇಲ್ಲದಿದ್ದರೆ ಅಪರಾಧ ಅಂತ. ಏಪ್ರಿಲ್ ಫೂಲ್ ತಮಾಷೆ ಅದು. ಆದರೂ ತಮಾಷೆಗೆ ಅಂತಲೇ ಶಾಸಕರಿಗೆ ಹೊಳೆದದ್ದು ಯಾವುದು ನೋಡಿ.

ಬಂದ ಹೊಸದರಲ್ಲಿ ನಾನು ಸ್ವೀಟ್ ಅನ್ನುತ್ತಿದ್ದೆ. ಯಾಕೆ ಅನ್ನಬಾರದು? ಜುಲೈ ತಿಂಗಳ ರಾಲಿ ಅಂದರೆ ಮಂಗಳೂರಿನ ಏಪ್ರಿಲ್ ಇದ್ದ ಹಾಗೆ, ಮೈಯೆಲ್ಲ ಅಂಟು ಅಂಟು. ಮಧ್ಯಾಹ್ನ ಆಫೀಸಿನವರ ಜೊತೆ ಊಟಕ್ಕೆ ಹೋದರೆ ಸಸ್ಯಾಹಾರಿಗೆ ಸಿಗುವುದು ಕರಿದ ಬೆಂಡೆಕಾಯಿ, ಮತ್ತೆ ಹಶ್ ಪಪ್ಪಿ ಅನ್ನುವ ಮೆಕ್ಕೆಜೋಳದ ಹಿಟ್ಟಿನ ಬೋಂಡ. ಸೊಪ್ಪಿನ ಪಲ್ಯ ಇದೆಯಲ್ಲ ಅಂತ ಖುಷಿಪಟ್ಟರೆ ಅದರಲ್ಲಿ ಹಂದಿ ಮಾಂಸ ಹಾಕಿ ಬೇಯಿಸಿರುತ್ತಾರೆ. ಹೊಟ್ಟೆ ತುಂಬಿಸುತ್ತಿದ್ದದ್ದು ಟೀಯೇ. ಅರ್ಧ ಲೀಟರಿಗೂ ಜಾಸ್ತಿ ಹಿಡಿಯುವ ಕೆಂಪು ಪ್ಲಾಸ್ಟಿಕ್ ಲೋಟ, ಅದರ ತುಂಬ ಐಸ್. ಕಾಲು ಲೋಟ ಖಾಲಿ ಆಗುವಷ್ಟರಲ್ಲಿ ಜಗ್ ಹಿಡಿದು ಬಂದು ಮತ್ತೆ ತುಂಬಿಸುತ್ತಾರೆ. ಅದಕ್ಕೆ ಬೇರೆ ದುಡ್ಡಿಲ್ಲ.

ಆಮೇಲೆ ಒಂದು ವರ್ಷದ ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಶುಗರಿನ ಸರಾಸರಿ ಹೇಳುವ ಅಂಕಿ, 5.9 ಬಂತು. 5.7 ದಾಟಿದರೆ ಶುಗರಿನ ಹೊಸ್ತಿಲು, 6.5 ಆದರೆ ಒಳಗೆ. ಅಪ್ಪನಿಗೆ ಶುಗರ್, ಅಪ್ಪನ ಅಣ್ಣನಿಗೆ ಶುಗರ್. ನನಗೆ ಬರುವುದಿಲ್ಲ ಅಂತ ಯಾವ ಧೈರ್ಯದ ಮೇಲೆ ಕೂತಿದ್ದೆನೋ.

ಅವತ್ತು ರಾತ್ರಿ ಲೆಕ್ಕ ಹಾಕಿದೆ. ಇಲ್ಲಿನವರು ಒಂದು ಗ್ಯಾಲನ್ ಟೀಗೆ, ಅಂದರೆ ಸುಮಾರು 3.8 ಲೀಟರಿಗೆ, ಒಂದರಿಂದ ಎರಡು ಕಪ್ ಸಕ್ಕರೆ ಸುರಿಯುತ್ತಾರೆ. ಟೀ ಬಿಸಿ ಇರುವಾಗಲೇ ಹಾಕಿ ಕರಗಿಸುವುದರಿಂದ ಎಷ್ಟು ಹಾಕಿದರೂ ಹಿಡಿಯುತ್ತದೆ. ಒಂದೂವರೆ ಕಪ್ ಅಂದುಕೊಂಡರೆ 300 ಗ್ರಾಂ. ಐಸ್ ಬಿಟ್ಟು ನನ್ನ ಲೋಟಕ್ಕೆ ಹೆಚ್ಚುಕಡಿಮೆ 375 ಮಿಲಿ ಟೀ. ಅಂದರೆ ಲೋಟಕ್ಕೆ 30 ಗ್ರಾಂ ಸಕ್ಕರೆ, ಏಳೂವರೆ ಚಮಚ. ಒಂದು ಊಟಕ್ಕೆ ಮೂರು ಲೋಟ. ಮನೆಯಲ್ಲಿ ಅಮ್ಮ ಪಾಯಸಕ್ಕೂ ಇಷ್ಟು ಸಕ್ಕರೆ ಹಾಕುವುದಿಲ್ಲ.

ಮಾರನೇ ದಿನದಿಂದ ನಾನೂ ವಿತೌಟ್ ಆದೆ.

ಮೊದಲ ವಾರ ಬಾಯಿಗೆ ಏನೂ ಹತ್ತಲಿಲ್ಲ. ಒಗರು. ಅಡಿಕೆ ಅಗಿದು ಉಗುಳಿದ ಮೇಲೆ ನಾಲಿಗೆ ಹೇಗಿರುತ್ತದೋ ಹಾಗೆ. ನಿಂಬೆ ಹಿಂಡಿದೆ, ಪುದೀನ ಹಾಕಿದೆ, ಒಂದು ದಿನ ಶುಂಠಿ ಜಜ್ಜಿ ಹಾಕಿದೆ. ಎರಡು ವಾರ ಕಳೆದ ಮೇಲೆ ಏನಾಯಿತೋ, ಆ ಒಗರೇ ರುಚಿ ಅನ್ನಿಸತೊಡಗಿತು. ಸಕ್ಕರೆಯ ಕೆಳಗೆ ಟೀ ಅಂತ ಒಂದಿತ್ತು ಅನ್ನುವುದು ಆಗ ಗೊತ್ತಾಯಿತು. ನಾಲ್ಕನೇ ವಾರ ಯಾರೋ ಅಪ್ಪಿತಪ್ಪಿ ಸ್ವೀಟ್ ಟೀ ತಂದಿಟ್ಟರೆ ಒಂದು ಗುಟುಕಿಗೆ ಕೆಮ್ಮು ಬಂತು.

ಮನೆಯಲ್ಲೂ ಶುರು ಮಾಡಿದೆ. ಇಲ್ಲಿ ಐಸ್ ಟೀಗೆ ಅಂತಲೇ ದೊಡ್ಡ ಟೀ ಬ್ಯಾಗ್ ಸಿಗುತ್ತದೆ, ಅಂಗೈ ಅಗಲದ್ದು, ಒಂದೊಂದರಲ್ಲಿ ಏಳು ಗ್ರಾಂ ಪುಡಿ. ನಾಲ್ಕು ಹಾಕಿದರೆ ಒಂದು ಗ್ಯಾಲನ್ ಜಗ್ ತುಂಬ ಟೀ. ಭಾನುವಾರ ರಾತ್ರಿ ಕುದಿಯುವ ನೀರಿಗೆ ಹಾಕಿ, ಐದು ನಿಮಿಷ ಬಿಟ್ಟು, ತಣ್ಣೀರು ಬೆರೆಸಿ, ಬಿಸಿ ಇನ್ನೂ ಇರುವಾಗಲೇ ಫ್ರಿಜ್ಜಿಗೆ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಜಗ್ಗಿನ ತುಂಬ ಮಣ್ಣು ಕಲಸಿದ ಹಾಗೆ ಬಗ್ಗಡ. ರಾತ್ರಿ ಜೇನಿನ ಬಣ್ಣಕ್ಕೆ ಹೊಳೆಯುತ್ತಿದ್ದದ್ದು ಹೊಸ ಮಳೆಯ ಹೇಮಾವತಿ ಆಗಿತ್ತು. ಕೆಟ್ಟಿದೆ ಅಂದುಕೊಂಡು ಪೂರ್ತಿ ಸಿಂಕಿಗೆ ಚೆಲ್ಲಿದೆ. ಬುಧವಾರ ಮತ್ತೆ ಮಾಡಿದೆ, ಮತ್ತೆ ಅದೇ.

ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಹುಟ್ಟಿದ್ದು ಬೆಳೆದದ್ದು ಎಲ್ಲ ಇದೇ ರಾಜ್ಯ. ಬೇಲಿಯ ಈಚೆಯಿಂದ ನನ್ನ ಕಷ್ಟ ಹೇಳಿಕೊಂಡೆ. ಅವರು ನಕ್ಕರು. ಬಿಸಿ ಟೀಯನ್ನು ಫ್ರಿಜ್ಜಿಗೆ ಇಡಬಾರದು, ಹೊರಗೇ ಆರಲಿ, ಕುದಿಯುವ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕು ಅಂದರು. ಬೋಂಡಕ್ಕೆ ಹಾಕುವ ಸೋಡಾ ಟೀಗೆ! ಹಾಕಿದೆ. ಟೀ ತಿಳಿಯಾಗಿಯೇ ಉಳಿಯಿತು, ಬಣ್ಣ ಸ್ವಲ್ಪ ಕಪ್ಪಾಯಿತು, ಒಗರು ಕಮ್ಮಿ ಆಯಿತು. ಅಜ್ಜಿ ಹಿಂದೆಲ್ಲ ಗಾಜಿನ ಜಾಡಿಯಲ್ಲಿ ನೀರು, ಟೀ ಬ್ಯಾಗ್ ಹಾಕಿ ಬಿಸಿಲಿಗೆ ಇಟ್ಟೇ ಟೀ ಇಳಿಸುತ್ತಿದ್ದರಂತೆ. ಹಪ್ಪಳ ಒಣಗಿಸಿದ ಹಾಗೆ. ಉಗುರು ಬೆಚ್ಚಗಿನ ನೀರಲ್ಲಿ ಬ್ಯಾಕ್ಟೀರಿಯ ಬೆಳೆಯುತ್ತದೆ ಅಂತ ಹೇಳುವುದಕ್ಕೆ ಶುರು ಮಾಡಿದ ಮೇಲೆ ಮಗಳು ಬಿಡಿಸಿದಳಂತೆ. "ಅಷ್ಟು ವರ್ಷ ಕುಡಿದೆವು, ಏನೂ ಆಗಲಿಲ್ಲ" ಅಂದರು. ಎಲ್ಲ ದೇಶದ ಅಜ್ಜಿಯರ ಮಾತೂ ಒಂದೇ.

ಆ ಬಗ್ಗಡ ಏನು ಅಂತ ಆಮೇಲೆ ಓದಿದೆ. ಟೀಯಲ್ಲಿರುವ ಒಗರಿನ ಅಂಶವೂ ಕೆಫೀನೂ ಬಿಸಿ ಇರುವಾಗ ಬೇರೆ ಬೇರೆಯಾಗಿ ಕರಗಿರುತ್ತವೆ. ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಂಡು, ನೀರಲ್ಲಿ ಕರಗದೆ, ಸಣ್ಣ ಸಣ್ಣ ಕಣವಾಗಿ ತೇಲುತ್ತವೆ. ಮತ್ತೆ ಬಿಸಿ ಮಾಡಿದರೆ ತಿಳಿಯಾಗುತ್ತದೆ. ಟೀಯವರು ಇದನ್ನು ಕೆನೆ ಅಂತಲೇ ಕರೆಯುತ್ತಾರೆ. ಕೆಫೀನ್ ಕಣ್ಣಿಗೆ ಬೀಳುವುದೇ ಅಪರೂಪ. ನನಗೆ ಎರಡು ಸಲ ಜಗ್ ತುಂಬ ದರ್ಶನ ಕೊಟ್ಟಿತ್ತು. ಎರಡು ಸಲವೂ ಸಿಂಕಿಗೆ ಚೆಲ್ಲಿ, ಮೂರನೇ ಸಲದಿಂದ ಕಾಣದ ಹಾಗೆ ಮಾಡಿ ಕುಡಿದೆ.

ಕುಡಿದೆ ಅಂದರೆ, ಹಂಗಿಂಗಲ್ಲ. ಸಿಹಿ ಇದ್ದಾಗ ನಾಲಿಗೆಯೇ ಎಲ್ಲೋ ಒಂದು ಕಡೆ ಸಾಕು ಅನ್ನುತ್ತಿತ್ತು. ಸಕ್ಕರೆ ಹೋದ ಮೇಲೆ ಸಾಕು ಅನ್ನುವವರು ಯಾರೂ ಇರಲಿಲ್ಲ. ಮನೆಯಿಂದ ಕೆಲಸ ಮಾಡುವ ದಿನ ಲ್ಯಾಪ್‌ಟಾಪ್ ಪಕ್ಕ ದೊಡ್ಡ ಲೋಟ. ಮೀಟಿಂಗಿನಲ್ಲಿ ಒಂದು ಗುಟುಕು, ಬೇಜಾರಾದರೆ ಒಂದು ಗುಟುಕು. ಸಂಜೆ ಹೊತ್ತಿಗೆ ಜಗ್ ಅರ್ಧ. ಸಕ್ಕರೆ ಇಲ್ಲ, ಹಾಲಿಲ್ಲ, ಕ್ಯಾಲರಿ ಹೆಚ್ಚುಕಡಿಮೆ ಸೊನ್ನೆ. ಕುಡಿದಷ್ಟೂ ಪುಣ್ಯ ಅನ್ನುವ ಹಾಗಿತ್ತು. ಮೂರು ತಿಂಗಳಿಗೆ ಎಚ್‌ಬಿಎ1ಸಿ 5.6ಕ್ಕೆ ಇಳಿದಾಗ ನನ್ನ ಗರ್ವ ಕೇಳಬೇಡಿ. ಸಿಕ್ಕಿದವರಿಗೆಲ್ಲ ಉಪದೇಶ ಮಾಡಿದೆ.

ನಿದ್ದೆ ಯಾವಾಗ ಹೋಯಿತು ಅಂತ ಸರಿಯಾಗಿ ನೆನಪಿಲ್ಲ. ಹತ್ತೂವರೆಗೆ ಮಲಗಿದರೆ ಹನ್ನೆರಡಾದರೂ ಕಣ್ಣು ಹತ್ತುತ್ತಿರಲಿಲ್ಲ. ಹತ್ತಿದರೂ ಮೂರು ಗಂಟೆಗೆ ಎಚ್ಚರ. ಎದೆ ಡವಡವ ಅನ್ನುವುದು ಕಿವಿಗೇ ಕೇಳುತ್ತಿತ್ತು. ಕತ್ತಲೆಯಲ್ಲಿ ಮನೆಯ ಸಾಲ, ಊರಲ್ಲಿರುವ ಅಪ್ಪ ಅಮ್ಮ, ಯಾವತ್ತೋ ಯಾರಿಗೋ ಅಂದ ಮಾತು, ಎಲ್ಲ ಸಾಲಾಗಿ ಬಂದು ನಿಲ್ಲುತ್ತಿದ್ದವು. ವಯಸ್ಸು ನಲವತ್ತಾಯಿತಲ್ಲ, ಹೀಗೇ ಇರಬೇಕು ಅಂದುಕೊಂಡೆ. ಹೆಂಡತಿ "ರೀ, ಫೋನ್ ನೋಡೋದು ಬಿಡಿ" ಅಂದಳು. ಬಿಟ್ಟೆ. ಏನೂ ಆಗಲಿಲ್ಲ.

ಕೊನೆಗೆ ಡಾಕ್ಟರ ಹತ್ತಿರ ಹೋದೆ. ಅವರು ಕೇಳಿದ ಮೊದಲ ನಾಲ್ಕೈದು ಪ್ರಶ್ನೆಗಳಲ್ಲೇ ಒಂದು, ದಿನಕ್ಕೆ ಎಷ್ಟು ಕೆಫೀನ್? ನಾನು ಚೂರೂ ಯೋಚಿಸದೆ ಹೇಳಿದೆ, ಬೆಳಿಗ್ಗೆ ಎರಡು ಕಾಫಿ, ಅಷ್ಟೇ.

ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ನಿಜವಾಗಿಯೂ ಟೀ ನೆನಪಾಗಲಿಲ್ಲ. ಕಾರ್ ಪಾರ್ಕಿಂಗಿಗೆ ಬಂದು, ಕಪ್ ಹೋಲ್ಡರಿನಲ್ಲಿ ಐಸ್ ಕರಗುತ್ತಾ ಕೂತಿದ್ದ ಲೋಟ ಎತ್ತಿ ಒಂದು ಗುಟುಕು ಕುಡಿದಾಗ, ಅಲ್ಲಿ, ಹೊಳೆಯಿತು.

ಆಮೇಲೆ ಇದನ್ನೇ ಯೋಚಿಸಿದ್ದೇನೆ. ನನ್ನ ತಲೆಯಲ್ಲಿ ಟೀ ಅಂದರೆ ಬಿಸಿ. ಬಿಸಿ ಇದ್ದರೇ ಟೀ, ಕಾಫಿ. ತಣ್ಣಗಿರುವುದು ಪಾನಕ, ಮಜ್ಜಿಗೆ, ಶರಬತ್ತು. ದಾಹಕ್ಕೆ ಕುಡಿಯುವಂಥದ್ದು, ಲೆಕ್ಕ ಇಡುವಂಥದ್ದಲ್ಲ. ಪಾನಕ ಎಷ್ಟು ಲೋಟ ಕುಡಿದೆ ಅಂತ ರಾಮನವಮಿಯಲ್ಲಿ ಯಾರಾದರೂ ಎಣಿಸುತ್ತಾರಾ? ಅಮ್ಮನಿಗೆ ವಿಡಿಯೋ ಕಾಲಿನಲ್ಲಿ ನನ್ನ ಜಗ್ ತೋರಿಸಿದಾಗ ಅವಳು ಅಂದದ್ದೂ ಅದೇ. "ಆರಿದ ಟೀನ ಯಾರಾದ್ರೂ ಕುಡೀತಾರೇನಪ್ಪ? ಚೆಲ್ಲಿ ಬೇರೆ ಮಾಡ್ಕೋ."

ಅಂದ ಹಾಗೆ, ಈ ಆರಿದ ಟೀಗೂ ನಮ್ಮ ದೇಶಕ್ಕೂ ಒಂದು ನಂಟು ಇದೆ. 1904ರಲ್ಲಿ ಸೇಂಟ್ ಲೂಯಿಸಿನಲ್ಲಿ ದೊಡ್ಡ ವಿಶ್ವಮೇಳ ನಡೆಯಿತು. ಅಲ್ಲಿ ಭಾರತದ ಟೀಗೆ ಪ್ರಚಾರ ಮಾಡಲು ರಿಚರ್ಡ್ ಬ್ಲೆಚಿಂಡನ್ ಅನ್ನುವವರು ಮಳಿಗೆ ಹಾಕಿದ್ದರು. ಸೆಕೆಗೆ ಬಿಸಿ ಟೀಯನ್ನು ಯಾರೂ ಮುಟ್ಟಲಿಲ್ಲ, ಆತ ಐಸ್ ಮೇಲೆ ಸುರಿದು ಕೊಟ್ಟರು, ಜನ ಮುಗಿಬಿದ್ದರು ಅನ್ನುವ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಚೆನ್ನಾಗಿದೆ, ಆದರೆ ಐಸ್ ಟೀ ಅಲ್ಲಿ ಹುಟ್ಟಲಿಲ್ಲ. 1879ರ ವರ್ಜೀನಿಯಾದ ಒಂದು ಅಡುಗೆ ಪುಸ್ತಕದಲ್ಲೇ ಅದನ್ನು ಮಾಡುವ ಬಗೆ ಅಚ್ಚಾಗಿದೆ. 1890ರಲ್ಲಿ ಮಿಸ್ಸೌರಿಯಲ್ಲಿ ಹಳೇ ಸೈನಿಕರ ಸಮಾವೇಶ ಒಂದರಲ್ಲಿ 880 ಗ್ಯಾಲನ್ ಐಸ್ ಟೀ ಖರ್ಚಾಯಿತು ಅಂತ ಆಗಿನ ಪತ್ರಿಕೆ ಬರೆದಿದೆ. ಮೇಳದಿಂದ ಆದದ್ದು ಪ್ರಚಾರ ಅಷ್ಟೇ.

ಡಾಕ್ಟರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಳ್ಳುವ ಮೊದಲು ಲೆಕ್ಕ ಹಾಕಿದೆ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ 8 ಔನ್ಸ್, ಅಂದರೆ ಸುಮಾರು 240 ಮಿಲಿ ಕಪ್ಪು ಟೀಯಲ್ಲಿ 47 ಮಿಲಿಗ್ರಾಂ ಕೆಫೀನ್. ಅಷ್ಟೇ ಕಾಫಿಯಲ್ಲಿ 95. ನನ್ನ ಟೀ ಕೊಂಚ ತೆಳು, 40 ಅಂತ ಇಟ್ಟುಕೊಂಡೆ. ದಿನಕ್ಕೆ ಎರಡು ಲೀಟರ್ ಅಂದರೆ 330ರ ಮೇಲೆ. ಬೆಳಗಿನ ಎರಡು ಫಿಲ್ಟರ್ ಕಾಫಿ, ಚಿಕೋರಿಯಲ್ಲಿ ಕೆಫೀನ್ ಇಲ್ಲವಾದ್ದರಿಂದ ತಲಾ 80 ಅಂತ ನನ್ನ ಅಂದಾಜು. ಎಲ್ಲ ಸೇರಿ 500 ಮುಟ್ಟುತ್ತದೆ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ತೊಂದರೆ ಇಲ್ಲ ಅನ್ನುವುದು ಆಹಾರ, ಔಷಧಗಳ ಮೇಲೆ ಕಣ್ಣಿಡುವ ಇಲ್ಲಿನ ಎಫ್‌ಡಿಎ ಮಾತು. ಅದೂ ಎಲ್ಲರ ಮೈಗೂ ಒಂದೇ ಅಲ್ಲ. ಬಸುರಿಯರಿಗೆ 200 ದಾಟಬೇಡಿ ಅನ್ನುತ್ತಾರೆ ವೈದ್ಯರು.

ಮೊತ್ತಕ್ಕಿಂತ ಹೊತ್ತು ನನ್ನನ್ನು ಕೆಡಿಸಿದ್ದು. ಕುಡಿದ ಕೆಫೀನಿನಲ್ಲಿ ಅರ್ಧ ಮೈಯಿಂದ ಹೋಗುವುದಕ್ಕೆ ಸಾಮಾನ್ಯವಾಗಿ ಐದು ಗಂಟೆ ಬೇಕು. ಕೆಲವರಿಗೆ ಎರಡೇ ಗಂಟೆ, ಕೆಲವರಿಗೆ ಒಂಬತ್ತು. ಸಂಜೆ ಐದಕ್ಕೆ 100 ಮಿಲಿಗ್ರಾಂ ಇದ್ದರೆ ಹತ್ತಕ್ಕೆ 50, ರಾತ್ರಿ ಮೂರಕ್ಕೆ 25. ನನ್ನ ಮೂರು ಗಂಟೆಯ ಯೋಚನೆಗಳಿಗೆಲ್ಲ ಸಂಬಳ ಕೊಡುತ್ತಿದ್ದವನು ಇವನೇ.

ನಿದ್ದೆಯನ್ನು ಇದು ಹೇಗೆ ತಡೆಯುತ್ತದೆ ಅನ್ನುವುದು ಮಜವಾಗಿದೆ. ಎಚ್ಚರ ಇದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡಿನೊಸಿನ್ ಅನ್ನುವುದು ಸೇರುತ್ತಾ ಹೋಗುತ್ತದೆ. ಅದಕ್ಕೆ ಅಂತ ಕೆಲವು ಸೀಟುಗಳಿವೆ, ಅಲ್ಲಿ ಹೋಗಿ ಕೂತರೆ ಆಕಳಿಕೆ ಬರುತ್ತದೆ. ಕೆಫೀನ್ ಮಾಡುವುದು ಜಾತ್ರೆ ದಿನ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆಯುವ ಕೆಲಸ. ಸೀಟು ಹಿಡಿದುಬಿಡುತ್ತದೆ, ತಾನಂತೂ ಆಕಳಿಕೆ ತರಿಸುವುದಿಲ್ಲ. ಅಡಿನೊಸಿನ್ ಬಸ್ಸು ಇಳಿದು ಹೋಗಿರುವುದಿಲ್ಲ, ನಡುವೆ ನಿಂತೇ ಇರುತ್ತದೆ, ಸ್ಟಾಪಿಗೊಂದಷ್ಟು ಜನ ಹತ್ತುತ್ತಲೇ ಇರುತ್ತಾರೆ. ಟವೆಲ್ ಎತ್ತಿದ ಗಳಿಗೆ ಎಲ್ಲ ಒಟ್ಟಿಗೆ ದಬದಬ ಕೂರುತ್ತಾರೆ. ಮಧ್ಯಾಹ್ನ ಮೂರಕ್ಕೆ ಇದ್ದಕ್ಕಿದ್ದ ಹಾಗೆ ತೂಕಡಿಕೆ ಬರುತ್ತದಲ್ಲ, ಆಗ ಅವರಲ್ಲೊಂದಷ್ಟು ಜನ ಕೂರುತ್ತಿರಬಹುದು. ನಾವು ಏನು ಮಾಡುತ್ತೇವೆ? ಇನ್ನೊಂದು ಟವೆಲ್ ಎಸೆಯುತ್ತೇವೆ.

ಶುಕ್ರವಾರ ಸಂಜೆ ಎಲ್ಲ ಬಿಟ್ಟೆ. ಕಾಫಿ, ಟೀ ಎರಡೂ. ಸಕ್ಕರೆ ಬಿಟ್ಟವನಿಗೆ ಇದೇನು ಮಹಾ ಅನ್ನುವ ಜಂಬ. ಶನಿವಾರ ಸಂಜೆಗೆ ಕಣ್ಣಿನ ಹಿಂದೆ ಸಣ್ಣಗೆ ನೋವು ಶುರುವಾಯಿತು. ಭಾನುವಾರ ಕನ್ನಡದವರೆಲ್ಲ ಸೇರಿ ಯುಗಾದಿ ಊಟ ಇಟ್ಟುಕೊಂಡಿದ್ದರು. ಹೋಳಿಗೆ ಬಡಿಸುತ್ತಿದ್ದಾಗ ತಲೆ ಒಡೆದು ಹೋಳಾಗುವ ಹಾಗಿತ್ತು. ಮಕ್ಕಳ ಕೋಲಾಟದ ಒಂದೊಂದು ಏಟೂ ನನ್ನ ಹಣೆಗೇ ಬೀಳುತ್ತಿತ್ತು. ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ, ಒಬ್ಬರ ಮೇಲೆ ಸುಮ್ನೆ ರೇಗಿದೆ. ಕೊನೆಗೆ ಹೆಂಡತಿ ಅಲ್ಲಿದ್ದ ಫ್ಲಾಸ್ಕಿನಿಂದ ಅರ್ಧ ಲೋಟ ಕಾಫಿ ತಂದು ಕೈಗಿಟ್ಟಳು. ಮುಕ್ಕಾಲು ಗಂಟೆ ಆಗಿರಬಹುದು. ತಲೆನೋವು ಬಟ್ಟೆ ಒಗೆದು ಹಿಂಡಿದ ಹಾಗೆ ಇಳಿದುಹೋಯಿತು.

ಆ ಸಮಾಧಾನವೇ ನನ್ನನ್ನು ಹೆದರಿಸಿದ್ದು. ಇಷ್ಟು ಬೇಗ ಹೋಗುವ ನೋವು ನೋವಲ್ಲ, ಸಾಲ ವಸೂಲಿ. ದಿಢೀರ್ ಅಂತ ನಿಲ್ಲಿಸಿದರೆ ಒಂದು ದಿನದೊಳಗೆ ತಲೆನೋವು ಶುರುವಾಗಿ, ಎರಡನೇ ದಿನ ಜೋರಾಗಿ, ಕೆಲವರಿಗೆ ವಾರ ಪೂರ್ತಿ ಕಾಡುತ್ತದಂತೆ. ಮೆಲ್ಲಗೆ ಇಳಿಸಬೇಕಿತ್ತು.

ಆಮೇಲೆ ಮೆಲ್ಲಗೇ ಇಳಿಸಿದೆ. ಜಗ್ಗಿಗೆ ನಾಲ್ಕು ಬ್ಯಾಗಿನ ಬದಲು ಮೂರು ಮಾಮೂಲಿ, ಒಂದು ಕೆಫೀನ್ ತೆಗೆದ ಡಿಕ್ಯಾಫ್. ಹತ್ತು ದಿನ ಬಿಟ್ಟು ಎರಡು, ಎರಡು. ಡಿಕ್ಯಾಫ್ ಅಂದರೆ ಪೂರ್ತಿ ಸೊನ್ನೆ ಅಲ್ಲ, ಕಪ್ಪಿಗೆ ಎರಡರಿಂದ ಐದು ಮಿಲಿಗ್ರಾಂ ಉಳಿದಿರುತ್ತದೆ, ರುಚಿಯೂ ಒಂದು ಹಿಡಿ ಕಮ್ಮಿಯೇ. ಈಗ ಬಿಸಿ ನೀರನ್ನೂ ಬಿಟ್ಟಿದ್ದೇನೆ. ರಾತ್ರಿ ತಣ್ಣೀರಿಗೆ ಬ್ಯಾಗ್ ಹಾಕಿ ಫ್ರಿಜ್ಜಿನಲ್ಲಿ ಇಟ್ಟರೆ ಬೆಳಿಗ್ಗೆಗೆ ಟೀ. ಒಗರು ಕಮ್ಮಿ, ಬಗ್ಗಡ ಇಲ್ಲ, ತಣ್ಣೀರು ಬಿಸಿ ನೀರಿನಷ್ಟು ಜಗ್ಗಿ ಎಳೆಯದ ಕಾರಣ ಕೆಫೀನೂ ಸ್ವಲ್ಪ ಕಮ್ಮಿ. ಊಟದ ಜೊತೆ ಟೀ ಕುಡಿಯುವುದನ್ನೂ ನಿಲ್ಲಿಸಿದೆ. ಸೊಪ್ಪು ಕಾಳಿನ ಕಬ್ಬಿಣದ ಅಂಶ ಮೈಗೆ ಹತ್ತಲು ಟೀಯ ಒಗರು ಬಿಡುವುದಿಲ್ಲ. ನಮ್ಮಂಥ ಸೊಪ್ಪುಸಾರಿನವರಿಗೆ ಅದು ನಷ್ಟವೇ.

ಇಷ್ಟೆಲ್ಲ ಮಾಡಿದರೂ ನಿಜವಾಗಿ ಕೆಲಸ ಮಾಡಿದ್ದು ಒಂದು ಸ್ಟೀಲ್ ಲೋಟ. ಮದುವೆಗೆ ಅಮ್ಮ ಕೊಟ್ಟ ಅರ್ಧ ಡಜನ್‌ನಲ್ಲಿ ಉಳಿದ ಒಂದು. ತುಂಬಿಸಿದರೆ 150 ಮಿಲಿ. ಊರಲ್ಲಿ ನಾವು ಯಾವತ್ತಾದರೂ ಮಿಲಿಗ್ರಾಂ ಎಣಿಸಿದ್ದೇವಾ? ಲೋಟವೇ ಎಣಿಸುತ್ತಿತ್ತು. ಅದೂ ಜಾಸ್ತಿ ಅನ್ನಿಸಿದರೆ ಬೈ ಟು. ಒಂದು ಕಾಫಿಯನ್ನು ಇಬ್ಬರು ಹಂಚಿಕೊಂಡು, ಮಾತು ಮುಗಿಯದಿದ್ದರೆ ಇನ್ನೊಂದು ಬೈ ಟು. ಜಿಪುಣತನ ಅಂತ ಹೊರಗಿನವರು ನಕ್ಕರೆ ನಗಲಿ. ಕೇಳದೆಯೇ ತುಂಬುವ ಲೋಟದ ಮುಂದೆ ಆರು ವರ್ಷ ಕೂತವನಿಗೆ ಅದರ ಬೆಲೆ ಗೊತ್ತು. ಜಗ್ ಈಗಲೂ ಫ್ರಿಜ್ಜಿನಲ್ಲಿದೆ. ಆದರೆ ಸ್ಟೀಲ್ ಲೋಟಕ್ಕೆ ಬಗ್ಗಿಸಿ ಕುಡಿಯಬೇಕು, ಎದ್ದು ಅಡುಗೆಮನೆಗೆ ಹೋಗಬೇಕು. ಮಧ್ಯಾಹ್ನ ಎರಡಾದ ಮೇಲೆ ಇಲ್ಲ. ನಾಲ್ಕು ಲೋಟಕ್ಕೆ ಸೋಮಾರಿತನ ಬಂದು ಸಾಕು ಅನ್ನುತ್ತದೆ. ಬೆಳಗಿನ ಕಾಫಿ ಒಂದೇ, ಅದನ್ನು ಬಿಡುವುದಿಲ್ಲ. ಹಾಸನದವನು ಕಾಫಿ ಬಿಟ್ಟ ಅಂತ ಊರಿಗೆ ಸುದ್ದಿ ಹೋಗಬಾರದು.

ನಿದ್ದೆ ಬಂದಿದೆ. ಪೂರ್ತಿ ಅಲ್ಲ, ಕೆಲವು ರಾತ್ರಿ ಮೂರು ಗಂಟೆ ಇನ್ನೂ ಬರುತ್ತದೆ. ಮನೆ ಸಾಲ ಟೀಯಿಂದ ಆದದ್ದಲ್ಲವಲ್ಲ.

ಹೋದ ವಾರ ಆಫೀಸಿನವರ ಜೊತೆ ಅದೇ ಹಳೇ ಹೋಟೆಲಿಗೆ ಹೋಗಿದ್ದೆ. ಅನ್‌ಸ್ವೀಟ್ ಅಂದೆ. ಒಂದು ಲೋಟ ನಿಧಾನಕ್ಕೆ, ಬೆಂಡೆಕಾಯಿ ಬರುವ ಮೊದಲೇ ಕುಡಿದು ಮುಗಿಸಿದೆ. ಬಡಿಸುವಾಕೆ ಜಗ್ ಹಿಡಿದು ಬರುವುದು ಕಂಡಿತು. ಇಂಗ್ಲಿಷಿನಲ್ಲಿ ಏನಾದರೂ ಹೇಳಬಹುದಿತ್ತು. ಹೇಳುವ ಮೊದಲೇ ಕೈ ತಾನಾಗಿ ಹೋಗಿ ಲೋಟದ ಮೇಲೆ ಅಡ್ಡ ಕೂತಿತು, ಮದುವೆ ಮನೆಯಲ್ಲಿ ಎಲೆ ಮೇಲೆ ಅಡ್ಡ ಹಿಡಿಯುತ್ತೇವಲ್ಲ, ಹಾಗೆ. ಆಕೆ ನನ್ನ ಕೈ ನೋಡಿದಳು, ನನ್ನ ಮುಖ ನೋಡಿದಳು. ಇಂಥ ಸನ್ನೆ ಆಕೆಗೆ ಹೊಸದೇನೂ ಅಲ್ಲ ಅನ್ನಿಸುತ್ತದೆ. "ಜಸ್ಟ್ ಎ ಲಿಟಲ್, ಹನಿ" ಅನ್ನುತ್ತಾ ಬೆರಳ ಸಂದಿಯಿಂದಲೇ ಕಾಲು ಲೋಟ ಸುರಿದು ಮುಂದಿನ ಟೇಬಲ್ಲಿಗೆ ಹೋದಳು. ಗಡಿಯಾರ ನೋಡಿದೆ. ಒಂದೂವರೆ. ಕುಡಿದೆ.